ಹಳೇ ಮನೆಯ ಮುಂದೆ ತೆಗೆದ ಎರಡು ನಿಮಿಷ

ನನ್ನ ಫೋನಿನಲ್ಲಿ ಜಾಗ ತುಂಬಿತು ಎಂದು ಅದು ವಾರಕ್ಕೊಮ್ಮೆ ಗೋಳಾಡುತ್ತದೆ. ಯಾವುದನ್ನು ಅಳಿಸಬಹುದು ಎಂದು ತಾನೇ ಒಂದು ಪಟ್ಟಿಯನ್ನೂ ಮುಂದಿಡುತ್ತದೆ. ಆ ಪಟ್ಟಿಯ ತಲೆಗೆ ಯಾವಾಗಲೂ ಅದೇ ವಿಡಿಯೊ. ಎರಡು ನಿಮಿಷದ್ದು. ಹಳೇ ಮಣ್ಣಿನ ಮನೆಯ ಮುಂದೆ ಒಬ್ಬ ಹುಡುಗಿ ಕೂತಿದ್ದಾಳೆ, ಹಿಂದೆ ಬಾಗಿಲಿಗೆ ಒರಗಿ ಅವರಪ್ಪ ನಿಂತಿದ್ದಾರೆ. ನನ್ನ ತಂಗಿಯ ಮಗಳ ಮದುವೆಯ ವಿಡಿಯೊಗಳನ್ನೇ ಅಳಿಸಿದವಳು ನಾನು, ಇದೊಂದನ್ನು ಅಳಿಸಿಲ್ಲ. ಅಕ್ಕರೆಯಿಂದ ಉಳಿಸಿಕೊಂಡದ್ದಲ್ಲ. ಅಳಿಸಿದರೆ ತಪ್ಪಿಸಿಕೊಂಡ ಹಾಗೆ ಆಗುತ್ತದೆ, ಅಷ್ಟು ಸುಲಭಕ್ಕೆ ತಪ್ಪಿಸಿಕೊಳ್ಳಬಾರದು ಎಂದು ಇಟ್ಟುಕೊಂಡಿದ್ದೇನೆ.

ನಾನು ಕೂಡ್ಲಿಗಿಯ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ಕೊಟ್ಟೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಎಲ್ಲದಕ್ಕೂ ಮುಂದೆ ನುಗ್ಗುವ ಸ್ವಭಾವ ನನ್ನದು. ಮಕ್ಕಳ ಅರ್ಜಿ ತುಂಬುವುದು, ಸಹಿ ಮಾಡಿಸುವುದು, ಹಾಸ್ಟೆಲ್ಲಿಗೆ ಫೋನು ಮಾಡಿ ಜಗಳ ತೆಗೆಯುವುದು, ಇವೆಲ್ಲ ನನ್ನ ಸಂಬಳದಲ್ಲಿ ಸೇರಿದ ಕೆಲಸ ಅಲ್ಲ, ಆದರೂ ಯಾರೂ ಕರೆಯದೆ ಹೋಗಿ ಮಾಡುತ್ತೇನೆ. ಸ್ಟಾಫ್ ರೂಮಿನವರು ಹಿಂದಿನಿಂದ ನಗುತ್ತಾರೆ, ಗೊತ್ತು. ನಕ್ಕರೆ ನಗಲಿ, ನನ್ನ ಕೈಯಲ್ಲಿ ಎಷ್ಟು ಮಕ್ಕಳಿಗೆ ಸೀಟು ಸಿಕ್ಕಿದೆ ನೋಡ್ರಿ ಎಂದು ಒಳಗೊಳಗೇ ಬೀಗುತ್ತಿದ್ದೆ. ಬೀಗುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ವರ್ಷ ನನ್ನ ಕೈಗೆ ಸಿಕ್ಕವಳು ಈ ಹುಡುಗಿ. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಒಂದು ಹಳ್ಳಿಯವಳು, ಕುರಿ ಸಾಕುವವರ ಮನೆಯ ಮಗಳು. ಬಾಯಿ ಜೋರು. ಜೀವಶಾಸ್ತ್ರದ ಲೆಕ್ಚರರ್ ಕುರಿಯ ಹೊಟ್ಟೆಯ ಬಗ್ಗೆ ಪಾಠ ಮಾಡುವಾಗ ಎದ್ದು ನಿಂತು, "ಸರ್, ಹಂಗಲ್ರಿ, ನಾ ಕಣ್ಣಾರೆ ನೋಡೇನಿ" ಅನ್ನುವ ಪೈಕಿ. ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾವ ಕುರಿಗೆ ಯಾವಾಗ ಏನು ಬೇನೆ ಬಂತು, ಅಪ್ಪ ಏನು ಕುಡಿಸಿದರು, ಡಾಕ್ಟರು ಯಾವ ಸೂಜಿ ಹಾಕಿದರು, ಉಳಿಯಿತೋ ಹೋಯಿತೋ, ಎಲ್ಲ ಬರೆದಿದ್ದಳು. ಎಂಟನೇ ಕ್ಲಾಸಿನಿಂದ ಬರೆದದ್ದು. ಕುರಿಗಳಿಗೆಲ್ಲ ಹೆಸರಿದ್ದವು, ಅದರಲ್ಲಿ ಒಂದು ಮೊಂಡು ಕುರಿಗೆ ನನ್ನ ಹೆಸರಿಟ್ಟಿದ್ದಾಳೆ ಎಂದು ಅವಳ ಗೆಳತಿಯರು ನನಗೆ ಬಂದು ಚಾಡಿ ಹೇಳಿದರು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದೇ ಆವಾಗ.

ಅವಳಿಗೆ ಬೇಕಿದ್ದದ್ದು ಒಂದೇ. ದೂರದ ದೊಡ್ಡ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಗಳ ಜೀವ, ರೋಗ, ಆಹಾರ ಇವನ್ನೇ ನಾಲ್ಕು ವರ್ಷ ಕಲಿಸುವ ಕೋರ್ಸು ಇತ್ತು. ಅನುಕೂಲ ಇಲ್ಲದ ಮಕ್ಕಳಿಗೆ ಕೆಲವು ಸೀಟು ಪೂರ್ತಿ ಪುಕ್ಕಟೆ, ಫೀಜು, ಹಾಸ್ಟೆಲ್, ಊಟ ಎಲ್ಲ ಸೇರಿ. ಅವಳ ಮಾರ್ಕ್ಸು ಸಾಕಾಗುತ್ತಿತ್ತು, ಅಪ್ಪನ ವರಮಾನ ಅವರು ಹೇಳಿದ ಮಿತಿಯೊಳಗೇ ಇತ್ತು. ಅರ್ಜಿಯ ಜೊತೆಗೆ ಒಂದು ವಿಡಿಯೊ ಕಳಿಸಬೇಕು ಎಂದಿದ್ದರು. ಎರಡು ನಿಮಿಷ, ಇಂಗ್ಲಿಷಿನಲ್ಲಿ. ನೀವು ಯಾರು, ಎಲ್ಲಿಂದ ಬಂದವರು, ಇದನ್ನು ಯಾಕೆ ಓದಬೇಕು. ಅಷ್ಟೇ. ಆ ಸೀಟು ಸಿಗದಿದ್ದರೆ ಅಂಥ ಕೋರ್ಸಿಗೆ ದುಡ್ಡು ಕೊಟ್ಟು ಸೇರುವ ಮಾತೇ ಇರಲಿಲ್ಲ.

ಹುಡುಗಿ ನನಗೆ ಹೇಳದೆ ತಾನೇ ಒಂದು ವಿಡಿಯೊ ಮಾಡಿಕೊಂಡು ಬಂದು ತೋರಿಸಿದಳು. ಗಿಳಿಹಸಿರು ಬಣ್ಣ ಬಳಿದ ಆರ್‌ಸಿಸಿ ಮನೆ, ಮುಂದೆ ಗೇಟು, ಗೇಟಿನ ಪಕ್ಕ ಅಪ್ಪ, ಅಪ್ಪನ ಪಕ್ಕ ಇವಳು. ಇಂಗ್ಲಿಷ್ ಅಲ್ಲಲ್ಲಿ ಎಡವಿದರೂ ಹೇಳಿದ್ದು ಸ್ಪಷ್ಟ ಇತ್ತು. "ಇವರು ನಮ್ಮಪ್ಪ. ಶಾಲೆಗೆ ಹೋದವರಲ್ಲ. ಆದರೆ ನಾಳೆ ಯಾವ ಕುರಿ ಹುಷಾರು ತಪ್ಪುತ್ತದೆ ಎಂದು ಇವತ್ತೇ ಹೇಳುತ್ತಾರೆ. ಅದು ಅವರಿಗೆ ಹೇಗೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತಾಗಬೇಕು. ಅದಕ್ಕೇ ನಾನು ಇದನ್ನು ಓದಬೇಕು." ಕೊನೆಯಲ್ಲಿ ಅಪ್ಪ ಏನು ಮಾಡಬೇಕೋ ತಿಳಿಯದೆ ಕ್ಯಾಮೆರಾಗೆ ಕೈ ಮುಗಿದರು, ಇವಳು ಕಿಸಕ್ಕನೆ ನಕ್ಕಳು, ಅಲ್ಲಿಗೆ ವಿಡಿಯೊ ಮುಗಿಯಿತು.

ಇವತ್ತು ನೆನೆದರೆ, ಅದಕ್ಕಿಂತ ಒಳ್ಳೆಯದನ್ನು ಯಾರು ಮಾಡಿಕೊಡಬಹುದಿತ್ತು? ಆದರೆ ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಮನೆಯ ಬಣ್ಣ.

"ಇದೇನವ್ವ ಇದು? ಮನಿ ತೋರ್ಸಾಕ ತಗದಿಯೋ, ಸೀಟು ಕೇಳಾಕ ತಗದಿಯೋ?" ಎಂದೆ.

"ಯಾಕ್ರಿ ಮೇಡಂ, ಚಲೋ ಇಲ್ಲೇನ್ರಿ?"

"ಚಲೋ ಐತಿ, ಅದಾ ತ್ರಾಸು. ಇಂಥಾ ಮನಿ ನೋಡಿದವರು ಪುಕ್ಕಟೆ ಸೀಟು ಕೊಡ್ತಾರೇನು?"

"ವರಮಾನದ ಸರ್ಟಿಫಿಕೇಟ್ ಹಚ್ಚೇವಲ್ರಿ."

"ಸರ್ಟಿಫಿಕೇಟ್ ಯಾರು ಓದ್ತಾರ? ವಿಡಿಯೊ ಎಲ್ಲಾರ್ಗೂ ಕಾಣ್ತೈತಿ. ನನಗ ಗೊತ್ತೈತಿ ತಗಿ, ನಾ ಬಂದು ತಗೀತೀನಿ."

ನನಗೆ ಗೊತ್ತಿದ್ದದ್ದು ಏನು? ನಾನು ಏಳನೇ ಕ್ಲಾಸು ಮುಗಿಸಿದಾಗ ಹಡಗಲಿಯ ಒಂದು ಹಾಸ್ಟೆಲ್ಲಿನಲ್ಲಿ ಸೀಟು ಕೇಳಲು ಅವ್ವನ ಜೊತೆ ಹೋಗಿದ್ದೆ. ಹಬ್ಬಕ್ಕೆ ಹೊಲಿಸಿದ ಲಂಗ ಹಾಕಿಕೊಂಡು ಕುಣಿಯುತ್ತ ಹೊರಟಿದ್ದವಳನ್ನು ಅವ್ವ ಹೊಸ್ತಿಲಲ್ಲೇ ತಡೆದು, ಹರಿದ ಲಂಗ ಹಾಕಿಸಿ ಕರೆದುಕೊಂಡು ಹೋದಳು. "ಚಂದ ಕಂಡ್ರ ಕೊಡಂಗಿಲ್ಲ, ಸುಮ್ನ ಬಾ" ಅಂದಳು. ಅಲ್ಲಿ ಮೇಜಿನ ಹಿಂದೆ ಕೂತವರು ನನ್ನ ಲಂಗ ನೋಡಿದರು, ಪರಸ್ಪರ ನೋಡಿಕೊಂಡರು, ಸೀಟು ಕೊಟ್ಟರು. ಆ ಸೀಟಿನಿಂದಲೇ ನಾನು ಓದಿ ಇಲ್ಲಿಗೆ ಬಂದದ್ದು. ಅವ್ವನ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಬೇರೆ ದಾರಿ ಇರಲಿಲ್ಲ. ಆದರೆ ಅವಳಿಗೆ ಅನಿವಾರ್ಯವಾಗಿದ್ದದ್ದನ್ನು ನಾನು ವಿದ್ಯೆ ಎಂದು ತಿಳಿದುಕೊಂಡೆ. ಮಕ್ಕಳಿಗೂ ಅದನ್ನೇ ಕಲಿಸುತ್ತ ಬಂದೆ.

ಒಂದು ಭಾನುವಾರ ಅವರೂರ ಕ್ರಾಸಿನಲ್ಲಿ ಬಸ್ಸು ಇಳಿದೆ. ಹುಡುಗಿಯ ಅಪ್ಪ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹೊಸ ಪಂಚೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಒಗೆದು ಸುತ್ತಿದ ರುಮಾಲು. ಮೇಡಮ್ಮಾರು ವಿಡಿಯೊ ತೆಗೆಯಲು ತಾವೇ ಬರುತ್ತಾರೆ ಎಂದರೆ ಅವರ ಮನೆಯಲ್ಲಿ ಅದು ಸಣ್ಣ ಸುದ್ದಿಯಾಗಿರಲಿಲ್ಲ. ಹುಡುಗಿಯ ಅವ್ವ ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ನಾನು ಕೂತದ್ದೇ ತಡ, ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಎಲ್ಲ ಒಂದರ ಹಿಂದೆ ಒಂದು ಬಂತು.

ತಿನ್ನುವುದು ಮುಗಿಯುವವರೆಗೂ ಅಪ್ಪ ತಡೆದುಕೊಂಡಿದ್ದರು. ಆಮೇಲೆ ಎದ್ದು, "ಬರ್ರಿ ಮೇಡಮ್ಮಾರೆ, ಮನಿ ನೋಡ್ರಿ" ಎಂದು ಒಂದೊಂದೇ ಕೋಣೆ ತೋರಿಸಿದರು. ಪಾಯ ಹಾಕಿದಾಗ ಮಗಳು ಒಂದನೇ ಕ್ಲಾಸು, ಒಳಗೆ ಕಾಲಿಟ್ಟಾಗ ಎಸ್ಸೆಸ್ಸೆಲ್ಸಿ. ಒಂದು ವರ್ಷ ಗೋಡೆ, ಇನ್ನೊಂದು ವರ್ಷ ಸ್ಲ್ಯಾಬು, ಮಧ್ಯೆ ಎರಡು ವರ್ಷ ಏನೂ ಇಲ್ಲ. ಮುಂಬಾಗಿಲಿಗೆ ಅಂಗೈಯಿಂದ ಎರಡು ಸಲ ತಟ್ಟಿ, "ಇದು ಹರಪನಹಳ್ಳ್ಯಾಗ ಮಾಡ್ಸಿದ್ರಿ, ಬಡಗ್ಯಾರ ಮನಿಗಿ ಎಷ್ಟು ಸಲ ಅಡ್ಡಾಡೇನೋ ನನಗಾ ಗೊತ್ತು" ಎಂದು ನಕ್ಕರು. ವಿಡಿಯೊದಲ್ಲಿ ಆ ಬಾಗಿಲ ಮುಂದೆ ನಿಲ್ಲಬೇಕು ಎಂದು ಅವರು ಮೊದಲೇ ಮನಸ್ಸಿನಲ್ಲಿ ಜಾಗ ಗೊತ್ತು ಮಾಡಿಕೊಂಡಿದ್ದರು.

ನಾನು ಆ ಬಾಗಿಲ ಮುಂದೆ ನಿಂತು ಕೇಳಿದೆ, "ಹಳೇ ಮನಿ ಇಲ್ಲೇನ್ರಿ?"

ಹಿತ್ತಲಲ್ಲಿ ಇತ್ತು. ಒಂದೇ ಅಂಕಣದ ಮಣ್ಣಿನ ಮನೆ, ಒಂದು ಮೂಲೆಯಲ್ಲಿ ಮೇಲುಮುದ್ದೆಯ ಸೂರು ಕುಸಿದಿತ್ತು. ಒಳಗೆ ಎಳೇ ಮರಿಗಳನ್ನು ಕೂಡಿದ್ದರು.

"ಇಲ್ಲೇ ತಗಿಯೋಣು," ಎಂದೆ.

ಅಪ್ಪನಿಗೆ ಅರ್ಥವಾಗಲಿಲ್ಲ. "ಇದ್ರಾಗ ಯಾರೂ ಇರಂಗಿಲ್ರಿ ಮೇಡಮ್ಮಾರೆ. ಮರಿ ಕೂಡ್ತೀವಿ."

"ಗೊತ್ತೈತ್ರಿ. ವಿಡಿಯೊಕ್ಕಷ್ಟ. ಹಿಂಗ ತಗದ್ರ ಸೀಟು ಸಿಗೋದು."

ಅವರು ಮಗಳ ಮುಖ ನೋಡಿದರು, ಮಗಳು ನನ್ನ ಮುಖ ನೋಡಿದಳು. ಸೀಟು ಎಂಬ ಮಾತು ಬಂದ ಮೇಲೆ ಅವರು ಮತ್ತೆ ಎದುರಾಡಲಿಲ್ಲ. ಒಂದೊಂದೇ ಮರಿಯನ್ನು ಎತ್ತಿ ಹೊರಗೆ ಬಿಟ್ಟರು. ಆ ಇಸ್ತ್ರಿ ಅಂಗಿಯಲ್ಲೇ ಹಿಕ್ಕೆ ಗುಡಿಸಿದರು. ಗುಡಿಸಿ ಮುಗಿಸಿ ನಿಂತವರಿಗೆ ನಾನು, ಈ ಪಂಚೆ ಬೇಡ, ದಿನಾ ಉಡುವುದನ್ನು ಉಟ್ಟು ಬನ್ನಿ ಎಂದೆ. ಹೋಗಿ ಉಟ್ಟುಕೊಂಡು ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ಅಯ್ಯೋ, ಒಂದು ಸಲವಾದರೂ ನನ್ನ ನಾಲಿಗೆ ತಡವರಿಸಬಾರದಿತ್ತೆ?

ಇಷ್ಟಕ್ಕೇ ನಿಂತಿದ್ದರೆ ಇನ್ನೂ ಮಾತು ಬೇರೆ. ಒಳಗಿನ ಮೂಲೆಯಲ್ಲಿ, ಮರಿಗಳು ಹೋಗದ ಹಾಗೆ ಅಡ್ಡಗೋಡೆ ಕಟ್ಟಿದ ಕಡೆ, ಒಂದು ಎತ್ತರದ ಕಟ್ಟೆ ಇತ್ತು. ಅದರ ಮೇಲೆ ಮಡಿಸಿಟ್ಟ ಕರಿ ಕಂಬಳಿ. ಅದು ಅವರ ಮನೆದೇವರ ಗದ್ದುಗೆ. ಹೊಸ ಮನೆಗೆ ದೇವರನ್ನು ತರಬೇಕಾದರೆ ಅಣ್ಣತಮ್ಮಂದಿರ ಮನೆಗಳೆಲ್ಲ ಸೇರಬೇಕು, ಅದಿನ್ನೂ ಕೂಡಿಬಂದಿರಲಿಲ್ಲ, ಅದಕ್ಕೇ ದೇವರು ಹಳೇ ಮನೆಯಲ್ಲೇ ಉಳಿದಿತ್ತು. ನನಗೆ ಕಂಡದ್ದು ಒಂದು ಒಳ್ಳೇ ಕಪ್ಪು ಬಣ್ಣದ, ಅಂಚು ಸವೆದ ಕಂಬಳಿ. ಕ್ಯಾಮೆರಾಗೆ ಚೆನ್ನಾಗಿರುತ್ತದೆ ಎನ್ನಿಸಿತು.

"ಆ ಕಂಬಳಿ ಹಾಸ್ರಿ, ಅದರ ಮ್ಯಾಲ ಕುಂದ್ರಲಿ ಹುಡುಗಿ," ಎಂದೆ.

ಹುಡುಗಿಯ ಅವ್ವ ಅಲ್ಲಿಯವರೆಗೂ ಒಂದು ಮಾತೂ ಆಡಿರಲಿಲ್ಲ. "ಅದು ಬ್ಯಾಡ್ರಿ ಅಮ್ಮಾರೆ, ಬ್ಯಾರೇದು ತರ್ತೀನಿ" ಎಂದು ಹೊಸ ಮನೆಯ ಕಡೆ ಓಡಿದರು. ನನಗೆ ಬಸ್ಸಿನ ಆತುರ. ನಾನೇ ಒಳಗೆ ಹೋಗಿ ಕಂಬಳಿ ಎತ್ತಿಕೊಂಡೆ. ಮಡಿಕೆಗಳಲ್ಲಿ ಹಳದಿ ಪುಡಿ ಇತ್ತು. ಝಾಡಿಸಿದೆ. ಕಾಲಲ್ಲಿ ಚಪ್ಪಲಿ ಇತ್ತು.

ಅದು ದೇವರ ಭಂಡಾರದ ಅರಿಸಿನ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ, ಗದ್ದುಗೆಯ ಮುಂದೆ ನಿಂತು ಅಭ್ಯಾಸವಿಲ್ಲ, ಎಂದೆಲ್ಲ ನೆಪ ಹೇಳಬಹುದು. ಕೊಟ್ಟೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಕುರಿಯವರ ಮನೆಯ ಕಂಬಳಿ ಏನೆಂದು ಗೊತ್ತಿಲ್ಲವೆ? ಗೊತ್ತಿತ್ತು. ನಮ್ಮ ಬುದ್ಧನ ಪಟವನ್ನು ಯಾರಾದರೂ ಹೀಗೆ ಗೋಡೆಯಿಂದ ಕಿತ್ತು ಕೂರಲು ಹಾಸಿದ್ದರೆ ಊರು ಒಂದು ಮಾಡುತ್ತಿದ್ದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಎರಡು ನಿಮಿಷದ ವಿಡಿಯೊ ಬಿಟ್ಟು ಬೇರೇನೂ ಇರಲಿಲ್ಲ.

ಬಾಗಿಲ ಮುಂದೆ ಅದನ್ನು ಹಾಸಿದೆ. ಹುಡುಗಿ ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತಳು. ಕೈಯಲ್ಲಿ ಬೇರೆ ಕಂಬಳಿ ಹಿಡಿದು ಓಡಿಬಂದ ಅವ್ವ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಅಪ್ಪ ಹಿಂದೆ ಬಾಗಿಲಿಗೆ ಒರಗಿ ನಿಂತರು.

ಹುಡುಗಿ ಏನು ಹೇಳಬೇಕು ಎಂದು ನಾನೇ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿದ್ದೆ. ಕನ್ನಡದಲ್ಲಿ ಹೇಳಿದರೆ ಹೀಗೆ: ಇದು ನಮ್ಮ ಮನೆ. ಮಳೆ ಬಂದರೆ ಸೋರುತ್ತದೆ. ನನ್ನ ತಂದೆಗೆ ಓದಲು ಬರೆಯಲು ಬಾರದು, ನನ್ನ ಆಸೆ ಏನೆಂಬುದು ಅವರಿಗೆ ಅರ್ಥವಾಗುವುದಿಲ್ಲ. ಚಳಿಯಲ್ಲಿ ನಾವೆಲ್ಲ ಹೊದೆಯಲು ಇರುವುದು ಈ ಒಂದೇ ಕಂಬಳಿ. ನಿಮ್ಮ ಸೀಟು ಸಿಕ್ಕರೆ ಮಾತ್ರ ನಾನು ಇಲ್ಲಿಂದ ಹೊರಗೆ ಬರಲು ಸಾಧ್ಯ.

ಹಾಳೆ ಓದಿ ಹುಡುಗಿ ಸಣ್ಣ ದನಿಯಲ್ಲಿ ಕೇಳಿದಳು, "ಮೇಡಂ, ಇದು ಅಪ್ಪಗ ತಿಳಿಯಂಗಿಲ್ಲಲ್ರಿ?"

"ಇಂಗ್ಲಿಷ್ನಾಗ ಐತಿ. ಹೆಂಗ ತಿಳೀತೈತಿ? ಹೇಳು ನೀ."

ಹೇಳಿದಳು. ಮೂರು ಸಲ ಹೇಳಿಸಿದೆ. ಮೂರನೇ ಸಲ ಅವಳ ಕಣ್ಣಲ್ಲಿ ನೀರು ಬಂತು. ಹಾಂ, ಇದೇ ಬೇಕಿತ್ತು ಎಂದುಕೊಂಡೆ. ಹಿಂದೆ ನಿಂತಿದ್ದ ಅಪ್ಪ, ಮಗಳು ಇಂಗ್ಲಿಷಿನಲ್ಲಿ ಪಟಪಟ ಮಾತಾಡುವುದನ್ನು ಕೇಳಿ ಮುಖ ಅರಳಿಸಿದ್ದರು. ಫೋನಿನಲ್ಲಿರುವ ಆ ವಿಡಿಯೊದಲ್ಲಿ ನಾನು ನೋಡಲಾರದ ಜಾಗ ಅದು. "ನನ್ನ ಆಸೆ ಅವರಿಗೆ ಅರ್ಥವಾಗುವುದಿಲ್ಲ" ಎಂದು ಮಗಳು ಹೇಳುವ ಹೊತ್ತಿಗೆ ಸರಿಯಾಗಿ ಅವರು ಹೆಮ್ಮೆಯಿಂದ ತಲೆ ಆಡಿಸುತ್ತಾರೆ.

ವಿಡಿಯೊ ಹೋಯಿತು. ತಿಂಗಳೊಳಗೆ ಮೊದಲ ಸುತ್ತು ಪಾಸು ಎಂದು ಬಂತು. ಸ್ಟಾಫ್ ರೂಮಿನಲ್ಲಿ ನಾನು ಪೇಡೆ ಹಂಚಿದೆ, ನಾಚಿಕೆ ಇಲ್ಲದೆ. ಎರಡನೇ ಸುತ್ತು ವಿಡಿಯೊ ಕಾಲಿನಲ್ಲಿ ಸಂದರ್ಶನ, ತಂದೆ ಅಥವಾ ತಾಯಿ ಜೊತೆಗಿರಬೇಕು.

ನಮ್ಮ ಕಾಲೇಜಿನ ಕಂಪ್ಯೂಟರ್ ರೂಮಿನಲ್ಲಿ ಕೂತೆವು. ಹುಡುಗಿ, ಅಪ್ಪ ಕ್ಯಾಮೆರಾ ಮುಂದೆ. ನಾನು ಕ್ಯಾಮೆರಾಗೆ ಕಾಣದ ಹಾಗೆ ಪಕ್ಕದ ಕುರ್ಚಿಯಲ್ಲಿ, ಕೈ ಚಾಚಿದರೆ ಹುಡುಗಿಯ ಭುಜ ಮುಟ್ಟುವಷ್ಟು ಹತ್ತಿರ. ತೆರೆಯ ಮೇಲೆ ಮೂವರು. ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಹುಡುಗಿ ಟಕಟಕ ಉತ್ತರ ಕೊಟ್ಟಳು. ಕುರಿಗಳ ನೀಲಿ ನಾಲಿಗೆ ರೋಗದ ಬಗ್ಗೆ ಮಾತು ಬಂದಾಗಲಂತೂ ಅವರು ಕೇಳುವುದನ್ನು ಬಿಟ್ಟು ಇವಳೇ ಹೇಳುವುದಾಯಿತು. ಸೀಟು ಬಂತು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಆಗ ಮೂವರಲ್ಲಿ ಒಬ್ಬ ಹೆಣ್ಣುಮಗಳು, ಕನ್ನಡ ಬಲ್ಲವರು, ಅಪ್ಪನ ಜೊತೆ ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾತಾಡಿದರು.

"ನಿಮ್ಮ ಮಗಳ ವಿಡಿಯೊ ನೋಡಿ ತುಂಬಾ ಬೇಜಾರಾಯ್ತು. ಚಳಿಗೆ ಮನೆಯವರೆಲ್ಲ ಆ ಒಂದೇ ಕಂಬಳಿ ಹೊದ್ಕೊಂಡು ಮಲಗ್ತೀವಿ ಅಂದ್ಳಲ್ಲ. ಆ ಮನೇಲಿ ಎಷ್ಟು ವರ್ಷದಿಂದ ಇದ್ದೀರಿ ನೀವು?"

ಗದ್ದುಗೆಯ ಕಂಬಳಿಯ ಮೇಲೆ ಹುಡುಗಿಯ ಮನೆಯಲ್ಲಿ ಯಾರೂ ಕೂರುವುದೂ ಇಲ್ಲ, ಅದನ್ನು ಹೊದ್ದು ಮಲಗುವುದಂತೂ ದೂರ. ಅಪ್ಪ ಮಗಳ ಕಡೆ ತಿರುಗಿದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವರು ಮತ್ತೆ ತೆರೆಯ ಕಡೆ ತಿರುಗಿ, "ಹೌದ್ರಿ ಅಮ್ಮಾರೆ. ಮೊದ್ಲಿಂದ ಅದ್ರಾಗಾ ಅದೀವ್ರಿ" ಅಂದರು.

ಒಂಬತ್ತು ವರ್ಷ ಬೆವರು ಸುರಿಸಿ ಕಟ್ಟಿದ ಮನೆಯನ್ನು ಆ ಮನುಷ್ಯ ಒಂದು ಮಾತಿನಲ್ಲಿ ಇಲ್ಲ ಎಂದುಬಿಟ್ಟರು, ಮಗಳ ಸೀಟಿಗಾಗಿ.

"ಅಪ್ಪಾ, ಸುಳ್ಳು ಹೇಳಬ್ಯಾಡ," ಎಂದಳು ಹುಡುಗಿ. ತೆರೆಯ ಕಡೆ ತಿರುಗಿ, "ಅದು ನಮ್ಮನಿ ಅಲ್ರಿ. ಅಲ್ಲಿ ಮರಿ ಕೂಡ್ತೀವ್ರಿ. ನಮ್ಮಪ್ಪ ಚಲೋ ಮನಿ ಕಟ್ಯಾನ್ರಿ. ಆ ಕಂಬ್ಳಿ ನಮ್ಮ ದೇವ್ರುದ್ರಿ, ಹೊದ್ಕೊಳ್ಳಾದಲ್ರಿ. ನಾ ಹೇಳಿದ್ದು ಸುಳ್ರಿ."

ಆ ಕಡೆ ಅವರವರೇ ಏನೋ ಮಾತಾಡಿಕೊಂಡರು. ಆಮೇಲೆ ಅದೇ ಹೆಣ್ಣುಮಗಳು ನಿಧಾನಕ್ಕೆ, ಪ್ರತಿ ಮಾತೂ ತಿಳಿಯುವ ಹಾಗೆ ಹೇಳಿದರು.

"ನೋಡಮ್ಮ, ಇಂಥ ವಿಡಿಯೊ ನಾವು ಬೇಕಾದಷ್ಟು ನೋಡ್ತೀವಿ. ಬೇರೆಯವರು ಬರೆದುಕೊಟ್ಟು ಹೇಳಿಸಿರ್ತಾರೆ. ಹಾಗೇನಾದ್ರೂ ಇದ್ರೆ ಈಗಲೇ ಹೇಳು. ನಿನ್ನಿಂದ ಇನ್ನೊಂದು ವಿಡಿಯೊ ತಗೋತೀವಿ, ಸೀಟಿಗೆ ತೊಂದ್ರೆ ಇಲ್ಲ. ಯಾರಾದ್ರೂ ಹೇಳಿಕೊಟ್ರಾ?"

"ಇಲ್ರಿ. ನಾನಾ ಬರಕೊಂಡೆ."

"ಇನ್ನೊಂದು ಸಲ ಯೋಚನೆ ಮಾಡಿ ಹೇಳಮ್ಮ. ಯಾರಾದ್ರೂ ದೊಡ್ಡವರು?"

"ಇಲ್ರಿ."

ಹುಡುಗಿ ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದರೆ ಅವರಿಗೆ ಗೊತ್ತಾಗುತ್ತದೆ ಎಂದು ಕತ್ತು ಬಿಗಿ ಹಿಡಿದುಕೊಂಡಿದ್ದಳು. ನಾನು? ನನ್ನ ಕುರ್ಚಿ ಹಳೆಯದು, ಅಲುಗಿದರೆ ಕಿರ್ ಎನ್ನುತ್ತಿತ್ತು. ಅದು ಸದ್ದು ಮಾಡದ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಒಂದು ಮಾತು, ನಾನು ಅವಳ ಲೆಕ್ಚರರ್, ನಾನೇ ಬರೆದುಕೊಟ್ಟದ್ದು, ಅಷ್ಟು ಸಾಕಿತ್ತು. ಇಂಗ್ಲಿಷಿನಲ್ಲಿ ಹೇಳಲೋ ಕನ್ನಡದಲ್ಲಿ ಹೇಳಲೋ ಎಂದು ಯೋಚಿಸುತ್ತಿದ್ದೆ ಎಂದರೆ ನಂಬುತ್ತೀರಾ? ಅಷ್ಟರಲ್ಲಿ ಅವರು ಥ್ಯಾಂಕ್ಸ್ ಹೇಳಿ ಕಾಲ್ ಕಟ್ ಮಾಡಿದರು.

ಹೊರಗೆ ಬಂದ ಮೇಲೆ ಅಪ್ಪ ನನ್ನ ಹತ್ತಿರ ಬಂದು ಕೈ ಮುಗಿದರು. "ತಪ್ಪಾತ್ರಿ ಮೇಡಮ್ಮಾರೆ. ನೀವು ಇಷ್ಟು ಓಡಾಡಿದ್ರಿ, ನನ್ನ ಮಗಳು ಹಿಂಗ ಬರಕೊಂಡಾಳ ಅಂತ ನನಗ ಗೊತ್ತಿರ್ಲಿಲ್ರಿ. ನಿಮಗೂ ಕೆಟ್ಟ ಹೆಸರು."

"ಇರ್ಲಿ ಬಿಡ್ರಿ," ಎಂದೆ.

ಥೂ ನನ್ನ ಜನ್ಮಕ್ಕಿಷ್ಟು. ಇರ್ಲಿ ಬಿಡ್ರಿ ಎಂದೆ, ನಾನು ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿದ ಹಾಗೆ. ಹುಡುಗಿ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅಪ್ಪನ ಹಿಂದೆ ಬೈಕು ಹತ್ತಿ ಹೋದಳು.

ಸೀಟು ಸಿಗಲಿಲ್ಲ. ಅರ್ಜಿಯಲ್ಲಿ ಕೊಟ್ಟ ವಿವರ ನಿಜವಲ್ಲವೆಂದು ಅಭ್ಯರ್ಥಿಯೇ ಒಪ್ಪಿರುವುದರಿಂದ ಪರಿಗಣಿಸಲಾಗುವುದಿಲ್ಲ ಎಂದು ಮೆಸೇಜು ಬಂತು. ಹುಡುಗಿ ಅದನ್ನು ತೋರಿಸಲು ಸ್ಟಾಫ್ ರೂಮಿಗೆ ಬಂದಳು. ನಾನು ಏನೋ ಹೇಳಲು ಹೊರಟೆ. "ಹೋಗ್ಲಿ ಬಿಡ್ರಿ ಮೇಡಂ" ಎಂದು ಫೋನು ಇಸಿದುಕೊಂಡು ಹೋದಳು. ಆಮೇಲೆ ಹರಪನಹಳ್ಳಿಯಲ್ಲಿ ಬಿಎಸ್‌ಸಿ ಸೇರಿದಳು. ಅಲ್ಲಿಗೆ ನಿತ್ಯ ಬಸ್ಸಿನಲ್ಲಿ ಹೋಗಿಬರುತ್ತಾಳೆ.

ನಾಲ್ಕು ತಿಂಗಳು ಕಳೆದಿರಬೇಕು, ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ಮೊದಲಿನ ಹಾಗೆ ತಮಾಷೆ ಮಾಡಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ. ಅಪ್ಪ ಹೇಗಿದ್ದಾರೆ ಎಂದೆ.

"ಅದಾನ್ರಿ. ನನ್ನ ಕೂಡ ಸರಿಯಾಗಿ ಮಾತಾಡವಲ್ಲ ಅಷ್ಟ. ನಾ ದೇವ್ರ ಕಂಬ್ಳಿ ಮ್ಯಾಲ ಸುಳ್ಳು ಬರದೆ ಅಂತ."

"ನೀ ಹೇಳಿಲ್ಲೇನವ್ವ, ನಾ ಬರದಿದ್ದು ಅಂತ?"

"ನಾ ಹೆಂಗ ಹೇಳ್ಲಿ ಮೇಡಂ?" ಎಂದಳು. ಅವಳ ಬಸ್ಸು ಬಂತು.

ಮರುದಿನ ರಜೆ ಹಾಕಿ ಅವರೂರಿಗೆ ಹೋದೆ. ಮಧ್ಯಾಹ್ನದ ಬಿಸಿಲು. ಊರ ಹೊರಗೆ ಬೇವಿನ ಮರದ ಕೆಳಗೆ ಕುರಿ ತರುಬಿ ನಿಲ್ಲಿಸಿದ್ದರು. ಅಪ್ಪ ಒಂದು ಕುರಿಯನ್ನು ಮೊಣಕಾಲ ನಡುವೆ ಅಮುಕಿ ಹಿಡಿದು, ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು. "ಬರ್ರಿ ಮೇಡಮ್ಮಾರೆ, ಬಿಸಲಾಗ ಬಂದೀರಿ, ಮನಿಗಿ ಹೋಗೋಣು ನಡೀರಿ" ಅಂದರು. ಬೇಡ, ಇಲ್ಲೇ ಹೇಳಿ ಹೋಗುತ್ತೇನೆ ಎಂದೆ. ಚಪ್ಪಲಿ ಬಿಟ್ಟು ನಿಂತೆ, ಯಾಕೆ ಬಿಟ್ಟೆನೋ ಗೊತ್ತಿಲ್ಲ, ಅಂಗಾಲು ಸುಡುತ್ತಿತ್ತು.

ಎಲ್ಲ ಹೇಳಿದೆ. ಬರೆದದ್ದು ನಾನು, ಅವರ ಬಗ್ಗೆ ಅರ್ಥವಾಗುವುದಿಲ್ಲ ಎಂದು ಹೇಳಿಸಿದ್ದು ನಾನು, ಕಂಬಳಿಯ ಮಾತೂ ನನ್ನದೇ, ಹುಡುಗಿಯದು ಒಂದಕ್ಷರವೂ ಇಲ್ಲ ಎಂದೆ. ಅವಳು ಮೊದಲು ತೆಗೆದ ವಿಡಿಯೊದಲ್ಲಿ ಅಪ್ಪನ ಬಗ್ಗೆ ಏನು ಹೇಳಿದ್ದಳು ಎಂಬುದನ್ನೂ ಹೇಳಿದೆ. ಹೇಳುವಾಗ ಅತ್ತೆ. ಅವರು ಕುರಿಯನ್ನು ಬಿಡಲಿಲ್ಲ, ಔಷಧಿ ಪೂರ್ತಿ ಒಳಗಿಳಿಯುವವರೆಗೂ ಅದರ ಗಂಟಲು ಸವರುತ್ತಲೇ ಕೇಳಿಸಿಕೊಂಡರು. ಆಮೇಲೆ ಬಿಟ್ಟು, ಕೈ ಒರೆಸಿಕೊಂಡು ಎದ್ದರು.

"ಆ ಮಾತು ನನ್ನ ಮಗಳದಲ್ಲ ಅಂತ ಒಳಗಾ ಅನಸ್ತಿತ್ರಿ," ಅಂದರು. "ತಾನಾ ಬರದೆ ಅಂದ್ಲು, ನಂಬಿದೆ. ಪಾಪ, ಸುಮ್ಮಸುಮ್ಮನ ಮಕ ತಿರುವಿದೆ ಅದರ ಮ್ಯಾಲ."

ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಒಂದು ಕೇಳ್ಲೇನ್ರಿ ಮೇಡಮ್ಮಾರೆ?"

"ಕೇಳ್ರಿ."

"ಆ ಅಮ್ಮಾರು ಎರಡು ಸಲ ಕೇಳಿದ್ರಲ್ರಿ, ಯಾರರ ಹೇಳಿಕೊಟ್ರೇನು ಅಂತ. ಕೊಟ್ಟಿದ್ರ ಸೀಟಿಗೇನೂ ತೊಂದ್ರಿ ಇಲ್ಲ ಅಂದ್ರು. ನೀವು ಅಲ್ಲೇ ಮಗ್ಗಲದಾಗ ಕುಂತಿದ್ರಿ. ಅವತ್ತ ಯಾಕ ಹೇಳ್ಲಿಲ್ರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಓದಿದವರು ಸುಮ್ಮನೆ ಕೂತರೆ ಅದಕ್ಕೆ ತನಗೆ ತಿಳಿಯದ ಏನೋ ಕಾರಣ ಇದ್ದೇ ಇರುತ್ತದೆ ಎಂದು ನಿಜವಾಗಿಯೂ ನಂಬಿ, ಆ ಕಾರಣ ತಿಳಿದುಕೊಳ್ಳಲು ಕೇಳುತ್ತಿದ್ದರು.

"ಹೆದರಿದೆ ರೀ," ಎಂದೆ.

"ಯಾರಿಗ್ರಿ?"

ಯಾರಿಗೆ ಹೆದರಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಅವತ್ತು ತೆರೆಯ ಮೇಲಿದ್ದ ಮೂವರಲ್ಲಿ ಒಬ್ಬರ ಮುಖವೂ ನನಗೆ ನೆನಪಿಗೆ ಬರಲಿಲ್ಲ.